ಅವನು ತಿರುಗಿ ಹೊಡೆಯಲಿಲ್ಲ

"ಹೊಡೀಬೇಡಿ! ನಾನು ಅವನಲ್ಲ...!"

ಆ ಮಾತು ಇರೆನಾಳ ಕಿವಿಗೆ ಬೀಳುವಷ್ಟರಲ್ಲಿ ತಡವಾಗಿತ್ತು. ಅವಳ ಕೈಯಲ್ಲಿದ್ದ ಹಿಮ ಎತ್ತುವ ಸಲಿಕೆ ಆ ಅಪರಿಚಿತನ ತಲೆಗೆ ಬಡಿದಾಗಿತ್ತು.

ಅವನು ಮಂಡಿಯೂರಿ ಕುಸಿದ. ಹುಬ್ಬಿನ ಮೇಲಿಂದ ರಕ್ತ ಬಳಬಳನೆ ಇಳಿಯಿತು. ಅವನ ಹಿಡಿತದಿಂದ ನುಣುಚಿಕೊಂಡ ಇನ್ನೊಬ್ಬ, ಅಂದರೆ ನಿಜವಾದ ರಾಕ್ಷಸ ಡ್ವೇನ್, ಕಬ್ಬಿಣದ ಸಲಾಕೆ ಬೀಸುತ್ತ ರಸ್ತೆಗೆ ಓಡಿದ.

"ನೋರೀನ್! ನೀನು ಎಲ್ಲಿ ಅಡಗಿದ್ರೂ ಬಿಡಲ್ಲ ಕಣೇ! ಹುಡುಕಿ ಕೊಲ್ತೀನಿ!"

ಕ್ಲೀವ್‌ಲ್ಯಾಂಡಿನ ಆ ಮನೆಯಲ್ಲಿ ಗಂಡಂದಿರ ಹೊಡೆತ ತಾಳಲಾರದೆ ಓಡಿಬಂದ ಹನ್ನೊಂದು ಹೆಂಗಸರಿದ್ದರು. ಒಳಗಿನ ಕೋಣೆಯಲ್ಲಿ ಡ್ವೇನ್‌ನ ಹೆಂಡತಿ ನೋರೀನ್ ಬಾಯಿಗೆ ಸೆರಗಿನಂತೆ ಟವೆಲ್ ತುರುಕಿಕೊಂಡು ನಡುಗುತ್ತಿದ್ದಳು. ಆಶ್ರಯಧಾಮದ ಉಸ್ತುವಾರಿ ಇರೆನಾಳದು. ಒಡೆದ ಬಾಗಿಲ ಗಾಜಿನ ನಡುವೆ ಸಲಿಕೆ ಹಿಡಿದು ನಿಂತಿದ್ದ ಅವಳಿಗೆ ಆಗಷ್ಟೇ ಅರ್ಥವಾಗಿತ್ತು... ತಾನು ಹೊಡೆದದ್ದು ಡ್ವೇನ್‌ನನ್ನು ತಡೆಯಲು ಬಂದವನನ್ನು!

"ಅಯ್ಯೋ ದೇವರೇ... ಯಾರು ನೀವು?"

"ಸೈಲಸ್ ಟಾಲಿವರ್." ಅವನು ಕಣ್ಣಿನ ರಕ್ತ ಒರೆಸಿಕೊಂಡ. "ಶನಿವಾರದ ತರಗತಿ... ಪ್ರೊಫೆಸರ್ ಓಕ್ಲಿ ನಮ್ಮಿಬ್ಬರನ್ನ ಒಂದೇ ಪ್ರಾಜೆಕ್ಟ್‌ಗೆ ಹಾಕಿದ್ದಾರೆ. ಪರಿಚಯ ಮಾಡ್ಕೊಳ್ಳೋಣ ಅಂತ ಬಂದೆ."

ಇರೆನಾ ಸಲಿಕೆ ಕೆಳಗೆ ಹಾಕಿದಳು.

"ಆಯ್ತಲ್ಲ ಪರಿಚಯ!" ಎಂದು ನಕ್ಕು, ಅಲ್ಲೇ ಮೂರ್ಛೆ ಹೋದ.

* * *

ಇಬ್ಬರೂ ಓದುತ್ತಿದ್ದದ್ದು ಸೇವಾಸಂಸ್ಥೆಗಳ ಆಡಳಿತ ಮತ್ತು ನಾಯಕತ್ವದ ಸ್ನಾತಕೋತ್ತರ ಪದವಿ. ವಾರವೆಲ್ಲ ದುಡಿದು, ಶನಿವಾರ ಬೆಂಚಿನ ಮೇಲೆ ಕೂರುವ ದೊಡ್ಡ ವಯಸ್ಸಿನ ವಿದ್ಯಾರ್ಥಿಗಳು.

ಇರೆನಾಳಿಗೆ ಈ ಓದು ಹಠವಾಗಿತ್ತು. ಆಶ್ರಯಧಾಮದ ನಿರ್ದೇಶಕಿ ಮಿಸೆಸ್ ಹ್ಯಾಡಿಕ್ಸ್ ಬೇಸಿಗೆಗೆ ನಿವೃತ್ತಿಯಾಗುವವರಿದ್ದರು. ನಡೆಸಬಲ್ಲವರು ಸಿಗದಿದ್ದರೆ ಧಾಮ ಮುಚ್ಚುತ್ತದೆ. ಅವಳ ಅಕ್ಕ ಡನೂಟಾ ಇಂಥದೊಂದು ಬಾಗಿಲು ಸಿಗದೆ ಗಂಡನ ಕೈಯಲ್ಲೇ ಸತ್ತಿದ್ದಳು. ಅಂದಿನಿಂದ ಗಂಡಸಿನ ಎತ್ತಿದ ಕೈ ಕಂಡರೆ ಇರೆನಾಳಿಗೆ ಭಯವಾಗುತ್ತಿತ್ತು.

ಸೈಲಸ್ ಬೀದಿಯ ಗುಂಡಿನ ಕಾಳಗಗಳ ನಡುವೆ ನಿಂತು ಶಾಂತಿ ಮಾಡಿಸುವ ಸಣ್ಣ ಸಂಸ್ಥೆಯೊಂದರಲ್ಲಿದ್ದ. ಹಣೆಗೆ ಹನ್ನೊಂದು ಹೊಲಿಗೆ ಹಾಕಿಸಿಕೊಂಡು ತರಗತಿಗೆ ಬಂದಾಗ ಇಡೀ ಕೋಣೆ ಅವನತ್ತ ತಿರುಗಿತು.

"ಏನಾಯ್ತ್ರೀ?" ಪ್ರೊಫೆಸರ್ ಗಾಬರಿಯಾದರು.

"ಸಹಪಾಠಿಯ ನಾಯಕತ್ವದ ಗುಣ ನೋಡ್ಕೊಂಡು ಬಂದೆ ಸರ್."

ಇರೆನಾಳ ಮುಖ ಕೆಂಪಾಯಿತು. ನಗಬಾರದೆಂದುಕೊಂಡಳು... ನಕ್ಕೇಬಿಟ್ಟಳು.

ಅಂದೇ ಮಧ್ಯಾಹ್ನ ಗ್ರಂಥಾಲಯದಲ್ಲಿ ಅವನು ತಾನಾಗಿಯೇ ಹೇಳಿದ. "ಬೇರೆಯವರಿಂದ ತಿಳಿಯೋದು ಬೇಡ. ಹತ್ತೊಂಬತ್ತು ವರ್ಷ ಇದ್ದಾಗ ಒಬ್ಬನನ್ನ ಈ ಕೈಯಲ್ಲೇ ಬಡಿದೆ. ಬಿದ್ದ ಮೇಲೂ ನಿಲ್ಲಿಸಲಿಲ್ಲ. ಅವನ ಎಡಗಣ್ಣು ಹೋಯ್ತು. ಏಳು ವರ್ಷ ಜೈಲು. ಹೊರಗೆ ಬಂದ ಮೇಲೆ ಯಾರ ಮೇಲೂ ಕೈ ಎತ್ತಿಲ್ಲ. ಎತ್ತೋದೂ ಇಲ್ಲ."

ಇರೆನಾ ಅವನ ಕೈಗಳನ್ನೇ ನೋಡಿದಳು. ದೊಡ್ಡ ಕೈಗಳು. ಗೆಣ್ಣುಗಳ ಮೇಲೆ ಹಳೆಯ ಗಾಯದ ಗುರುತು.

'ಎದ್ದು ಹೋಗು' ಎಂದಿತು ಮನಸ್ಸು. ಕಾಲು ಏಳಲಿಲ್ಲ.

ಪೊಲೀಸರಿಗೆ ಸಿಗದ ಡ್ವೇನ್‌ಗೆ ಜಾಗ ಗೊತ್ತಾಗಿದ್ದರಿಂದ ಧಾಮವನ್ನು ಬೇರೆ ಮನೆಗೆ ಸಾಗಿಸಬೇಕಾಯಿತು. ಹೊಸ ವಿಳಾಸ ಪರಮ ಗುಟ್ಟು. ಸಾಮಾನು ತುಂಬಿದ ಲಾರಿ ಓಡಿಸಿದವನು ಸೈಲಸ್. ಹೊರಗಿನವರಲ್ಲಿ ವಿಳಾಸ ಗೊತ್ತಿದ್ದದ್ದು ಅವನೊಬ್ಬನಿಗೇ.

ಚಳಿಗಾಲವೆಲ್ಲ ಅವರು ಒಟ್ಟಿಗೆ ಓದಿದರು, ಜಗಳವಾಡಿದರು. 'ನೀವು' ಹೋಗಿ 'ನೀನು' ಬಂದದ್ದು ಯಾವಾಗ ಎಂದು ಇಬ್ಬರಿಗೂ ತಿಳಿಯಲಿಲ್ಲ. ಒಮ್ಮೆ ಪುಸ್ತಕ ಕೊಡುವಾಗ ಅವನ ಬೆರಳು ತಾಕಿತು. ಅವಳು ಕೈ ಹಿಂತೆಗೆದುಕೊಳ್ಳಲಿಲ್ಲ.

* * *

ಮಾರ್ಚಿನ ಒಂದು ಬೆಳಿಗ್ಗೆ, ಹತ್ತು ಗಂಟೆ.

ನೋರೀನ್ ಅಡುಗೆಮನೆಯಲ್ಲಿ ಆಲೂಗಡ್ಡೆ ಸಿಪ್ಪೆ ತೆಗೆಯುತ್ತಿದ್ದಳು. ಹಿಂಬಾಗಿಲು ಒಂದೇ ಒದೆತಕ್ಕೆ ಕಿತ್ತುಬಂತು.

ಡ್ವೇನ್! ಕೈಯಲ್ಲಿ ಜಿಂಕೆ ಸೀಳುವ ಚಾಕು!

"ಹೇಳಿದ್ನಲ್ಲ... ಹುಡುಕ್ತೀನಿ ಅಂತ!"

ಮೊದಲ ಇರಿತ ನೋರೀನಳ ಭುಜ ಸೀಳಿತು. ಎರಡನೆಯದು ಕುತ್ತಿಗೆಯ ಪಕ್ಕ. ಗೋಡೆಗೆ ರಕ್ತ ಚಿಮ್ಮಿತು. ಇರೆನಾ ಹಿಂದಿನಿಂದ ಹಾರಿ ಅವನ ಕುತ್ತಿಗೆಗೆ ಜೋತುಬಿದ್ದಳು. ಅವನು ಅವಳ ಬಲಗೈ ಹಿಡಿದು ತಿರುಚಿದ. ಲಟಕ್! ಮೂಳೆ ಮುರಿದ ಸದ್ದು ಅವಳಿಗೇ ಕೇಳಿಸಿತು. ನೋವಿಗೆ ಕಣ್ಣು ಕತ್ತಲಿಟ್ಟಿತು.

"ಬನ್ರೇ! ಬನ್ರೇ ಎಲ್ಲಾ!" ಎಂದು ಯಾರೋ ಚೀರಿದರು.

ವರ್ಷಗಟ್ಟಲೆ ಏಟು ತಿಂದು ಬಂದಿದ್ದ ಆ ಹೆಂಗಸರು ಅಂದು ಓಡಿಹೋಗಲಿಲ್ಲ. ಒಬ್ಬಳು ಪಾತ್ರೆಯಲ್ಲಿ ಕುದಿಯುತ್ತಿದ್ದ ಸೂಪನ್ನೇ ಅವನ ಮುಖಕ್ಕೆ ಎರಚಿದಳು. ಇನ್ನೊಬ್ಬಳು ಕುರ್ಚಿಯಿಂದ ಮೊಣಕಾಲಿಗೆ ಬಡಿದಳು. ಅವನು ಬೊಬ್ಬೆಯಿಡುತ್ತ ಬಿದ್ದಾಗ ನಾಲ್ವರು ಬೆನ್ನ ಮೇಲೆ ಕೂತರು. ಪೊಲೀಸರು ಬರುವವರೆಗೂ ಏಳಲಿಲ್ಲ.

ಸುದ್ದಿ ತಿಳಿದು ಸೈಲಸ್ ಓಡಿಬಂದಾಗ ಇರೆನಾಳನ್ನು ಆ್ಯಂಬುಲೆನ್ಸ್ ಹತ್ತಿಸುತ್ತಿದ್ದರು.

"ಇರೆನಾ! ನಿನ್ನ ಕೈ—"

"ಮುಟ್ಟಬೇಡ!" ಅವಳು ಕಿರುಚಿದಳು. "ವಿಳಾಸ ಯಾರಿಗೆ ಹೇಳಿದೆ? ಹೊರಗಿನವರಲ್ಲಿ ಗೊತ್ತಿದ್ದವನು ನೀನೊಬ್ಬನೇ! ನಿನ್ನ ಜೈಲಿನ ಗೆಳೆಯರಿಗಾ?"

"ನಾನು... ಇಲ್ಲ..."

"ನಿಮ್ಮ ಗಂಡಸರ ಜಾತಿಯೇ ಅಷ್ಟು! ಒಬ್ಬ ಚಾಕು ಹಿಡೀತಾನೆ, ಇನ್ನೊಬ್ಬ ಬಾಗಿಲು ತೋರಿಸ್ತಾನೆ. ಹೋಗು! ನಿನ್ನ ಮುಖ ತೋರಿಸ್ಬೇಡ!"

ಅವನು ಹಿಂದೆ ಸರಿದ. ಸಲಿಕೆಯ ಏಟಿಗೂ ಹೀಗೆ ಬಿಳಿಚಿಕೊಂಡಿರಲಿಲ್ಲ ಆ ಮುಖ.

* * *

ಹನ್ನೆರಡು ದಿನಗಳ ನಂತರ ತನಿಖಾಧಿಕಾರಿ ಒಂದು ಪ್ಲಾಸ್ಟಿಕ್ ಚೀಲ ತಂದು ಅವಳೆದುರಿಟ್ಟರು.

"ಡ್ವೇನ್‌ನ ಗಾಡಿಯಲ್ಲಿ ಸಿಕ್ತು. ಅವನ ಚಿಕ್ಕಮ್ಮನ ಮನೆಗೆ ಅಂಚೆಯಲ್ಲಿ ಬಂದಿದ್ದಂತೆ."

ದೇಣಿಗೆ ಕೋರುವ ಕರಪತ್ರ. ರೊಟ್ಟಿಗೆ ಹಿಟ್ಟು ನಾದುತ್ತಿರುವ ಎರಡು ಕೈಗಳ ಚಿತ್ರ. ಹಿಂದೆ ಕಿಟಕಿ. ಕಿಟಕಿಯಾಚೆ, ಆ ಊರಿಗೆಲ್ಲ ಪರಿಚಯವಿದ್ದ ಹಸಿರು ಗುಮ್ಮಟದ ಚರ್ಚು.

ಇರೆನಾ ಎಡಗೈಯಲ್ಲಿ ಚೀಲ ಎತ್ತಿ ಹತ್ತಿರ ಹಿಡಿದಳು.

ಆ ಕರಪತ್ರ ಅವಳದೇ! ತರಗತಿಗೆಂದು ಅವಳೇ ಬರೆದದ್ದು, ಹೊಸ ಮನೆಯ ಅಡುಗೆಕೋಣೆಯಲ್ಲಿ ಅವಳೇ ತೆಗೆದ ಚಿತ್ರ. ಚೆನ್ನಾಗಿದೆಯೆಂದು ಮಿಸೆಸ್ ಹ್ಯಾಡಿಕ್ಸ್ ಅದನ್ನೇ ಅಚ್ಚು ಹಾಕಿಸಿ ಊರಿಗೆಲ್ಲ ಕಳಿಸಿದ್ದರು.

'ನಾನು... ನಾನೇ ಅವನಿಗೆ ದಾರಿ ತೋರಿಸಿದೆ...'

ಅವಳು ನೇರ ಆಸ್ಪತ್ರೆಗೆ ಹೋಗಿ ನೋರೀನಳ ಹಾಸಿಗೆಯ ಪಕ್ಕ ನಿಂತು ಎಲ್ಲ ಹೇಳಿದಳು. ಒಂದಕ್ಷರ ಮುಚ್ಚಿಡಲಿಲ್ಲ. ನೋರೀನ್ ಅವಳತ್ತ ತಿರುಗಿದಳು.

"ಅದಕ್ಕೆ ಮಾರ್ಕ್ಸ್ ಎಷ್ಟು ಬಂತು?"

"ನೂರಕ್ಕೆ... ತೊಂಬತ್ತೆಂಟು."

"ಉಳಿದೆರಡು ಇಲ್ಲಿದೆ ನೋಡು." ನೋರೀನ್ ಕುತ್ತಿಗೆಯ ಪಟ್ಟಿ ಮುಟ್ಟಿಕೊಂಡಳು. ಇರೆನಾ ಬಿಕ್ಕಿದಳು. "ಅಳಬೇಡ. ಚಾಕು ಹಿಡಿದಿದ್ದು ನೀನಲ್ಲ. ಆದ್ರೆ ಇವತ್ತೇ ಕ್ಷಮಿಸ್ತೀನಿ ಅಂತಲೂ ಹೇಳಲ್ಲ. ಮೊದಲು ಆ ಸೈಲಸ್ ಹತ್ರ ಹೋಗು. ಮೊನ್ನೆ ಬಂದು ನನ್ನ ಕಾಲ ಬಳಿ ಕೂತು ಅತ್ತ ಕಣೇ. ಲಾರಿ ಹಿಂದೆ ಯಾರಾದ್ರೂ ಬರ್ತಿದ್ದಾರಾ ಅಂತ ನೋಡ್ಲಿಲ್ಲವಂತೆ. ತನ್ನದೇ ತಪ್ಪಂತೆ."

"ಅವನು... ನಂಬಿಬಿಟ್ನಾ ನನ್ನ ಮಾತನ್ನ?"

"ನೀನು ಹೇಳಿದ್ದಲ್ವಾ. ನಂಬದೆ ಏನ್ಮಾಡ್ತಾನೆ? ಸಾಯೋಕೆ ಹೊರಟವನ ಥರ ಇದ್ದ. ಬೇಗ ಹೋಗು!"

* * *

ಅವನ ಕಚೇರಿಯವರು ಕೈ ತೋರಿಸಿದ ಕಡೆಗೆ ಇರೆನಾ ಓಡಿದಳು. ಬೀದಿಯಲ್ಲಿ ಆಗಷ್ಟೇ ಒಬ್ಬ ಯುವಕನನ್ನು ಮಣ್ಣು ಮಾಡಿ ಬಂದಿದ್ದರು. ಕಪ್ಪು ಬಟ್ಟೆಯ ಗುಂಪೊಂದು ಸೇಡಿಗೆ ಕುದಿಯುತ್ತ ಕೊಂದವನ ಮನೆಯತ್ತ ಹೊರಟಿತ್ತು. ಅವರ ದಾರಿಗೆ ಅಡ್ಡವಾಗಿ, ಒಬ್ಬನೇ ನಿಂತಿದ್ದ ಸೈಲಸ್.

"ದಾರಿ ಬಿಡೋ!" ಸತ್ತವನ ಅಣ್ಣ ಪಿಸ್ತೂಲು ತೆಗೆದ.

"ಬಿಡಲ್ಲ. ಆ ಮನೇಲಿ ಮಕ್ಕಳಿವೆ."

ಪಿಸ್ತೂಲಿನ ಹಿಡಿ ಅವನ ದವಡೆಗೆ ಬಡಿಯಿತು. ಒಂದು... ಎರಡು... ಮೂರು. ಹಲ್ಲು ಮುರಿದು ರಕ್ತ ಉಕ್ಕಿತು. ಆ ದೊಡ್ಡ ಕೈಗಳು ಎರಡೂ ಬದಿಗೆ ಬಿಚ್ಚಿಕೊಂಡೇ ಇದ್ದವು. ಮುಷ್ಟಿ ಕಟ್ಟಲಿಲ್ಲ. ಬಿದ್ದ ಮೇಲೆ ಪಕ್ಕೆಗೆ ಒದ್ದರು. ತಿರುಗಿ ಹೊಡೆಯಲಿಲ್ಲ. ಮತ್ತೆ ಎದ್ದು ಮಂಡಿಯ ಮೇಲೆ, ಅದೇ ದಾರಿಗೆ ಅಡ್ಡ!

"ಸೈಲಸ್!" ಇರೆನಾ ಗುಂಪು ಸೀಳಿಕೊಂಡು ನುಗ್ಗಿದಳು. ಗುಂಡು ಹಾರಿತು. ಪಕ್ಕದ ಕಾರಿನ ಗಾಜು ಪುಡಿಪುಡಿಯಾಯಿತು. ಅವಳು ಪಟ್ಟಿ ಕಟ್ಟಿದ ಕೈಯೊಂದಿಗೇ ಅವನ ಮೇಲೆ ಬಿದ್ದು ಮುಚ್ಚಿಕೊಂಡಳು.

ಆಗ ಗುಂಪಿನ ಹಿಂದಿನಿಂದ ಒಂದು ಧ್ವನಿ ಬಂತು. ಸತ್ತವನ ತಾಯಿ.

"ಸಾಕು ಮಾಡೋ! ಇವತ್ತು ಒಬ್ಬನನ್ನ ಹೂತಿದ್ದೀನಿ. ನಿನ್ನನ್ನೂ ಹೂಳ್ಲಾ?"

ಅಣ್ಣನ ಪಿಸ್ತೂಲು ಕೆಳಗಿಳಿಯಿತು. ಅವನು ರಸ್ತೆಯ ಮಧ್ಯೆಯೇ ಕೂತು ಮಗುವಿನಂತೆ ಅತ್ತ.

ಇರೆನಾ ಸೈಲಸ್‌ನ ಕಿವಿಗೆ ಬಾಯಿಟ್ಟು ಒಂದೇ ಸಮನೆ ಹೇಳುತ್ತಿದ್ದಳು. "ನೀನಲ್ಲ! ನಾನು! ನನ್ನ ಕರಪತ್ರ! ಕೇಳಿಸ್ತಾ? ಲಾರಿ ಹಿಂದೆ ಯಾರೂ ಬರಲಿಲ್ಲ ಸೈಲಸ್... ಯಾರೂ ಬರಲಿಲ್ಲ!"

ಅವನ ಕಣ್ಣಂಚಿನಿಂದ ರಕ್ತದೊಂದಿಗೆ ನೀರೂ ಹರಿಯಿತು.

* * *

ಆಡಳಿತ ಮಂಡಳಿಯ ಎದುರು ಇರೆನಾ ತಪ್ಪೊಪ್ಪಿಕೊಂಡಳು. ಬೇಸಿಗೆಯವರೆಗೆ ಅವಳನ್ನು ಕೆಲಸದಿಂದ ದೂರವಿಟ್ಟರು. ಯಾವ ಚಿತ್ರ ಹೊರಹೋಗಬಹುದು, ಯಾವುದು ಹೋಗಬಾರದು ಎಂಬ ನಿಯಮ ಬರೆಯುವ ಹೊಣೆಯನ್ನು ಮಾತ್ರ ಬೇಡಿ ಪಡೆದಳು. ಕರಡನ್ನು ಮೊದಲು ಓದಿ ತಿದ್ದಿದವಳು ನೋರೀನ್.

ಮಂಡಳಿಯ ಸಭೆ ಮುಗಿದ ದಿನವೇ ಅವಳು ಬಂದದ್ದು ಸೈಲಸ್‌ನ ವಾರ್ಡಿಗೆ. ಅವನ ಮುರಿದ ದವಡೆಗೆ ಬಾಯಿ ತೆರೆಯದಂತೆ ತಂತಿ ಬಿಗಿದಿದ್ದರು. ನರ್ಸ್ ಕೊಟ್ಟ ಹಾಳೆಯ ಮೇಲೆ ಪೆನ್ಸಿಲ್ಲಿನಿಂದಲೇ ಮಾತು.

"ನನ್ನನ್ನ ಬಯ್ಯಿ ಸೈಲಸ್. ಏನಾದ್ರೂ ಬಯ್ಯಿ..."

ಅವನು ಬರೆದ: 'ಬಯ್ಯೋಕೆ ಬಾಯಿ ಬೇಕಲ್ಲ.'

ಅವಳು ಅಳುತ್ತಲೇ ನಕ್ಕಳು.

"ನಿನ್ನನ್ನ ಪ್ರೀತಿಸ್ತೀನಿ ಕಣೋ. ಅದನ್ನ ಹೇಳೋ ಬದಲು ಅವತ್ತು ಏನೇನೋ ಅಂದುಬಿಟ್ಟೆ."

ಅವನು ಹಾಳೆ ತಿರುಗಿಸಿ ಬರೆದ: 'ನನ್ನ ಕೈ ಕಂಡ್ರೆ ಭಯ ಇಲ್ವಾ?'

ಇರೆನಾ ಸುಳ್ಳು ಹೇಳಲಿಲ್ಲ. "ಸ್ವಲ್ಪ ಇದೆ," ಎಂದಳು. ಆಮೇಲೆ ಆ ಕೈಯನ್ನೇ ಎತ್ತಿ ತನ್ನ ಕೆನ್ನೆಗಿಟ್ಟುಕೊಂಡಳು.

ಅವನು ಬೆರಳೊಂದನ್ನೂ ಅಲುಗಿಸದೆ ಕೂತ. ಇನ್ನೊಂದು ಕೈಯಲ್ಲಿ ಸೊಟ್ಟಸೊಟ್ಟಗೆ ಗೀಚಿದ: 'ತೆಗೀಲಾ?'

"ಬೇಡ," ಎಂದಳು ಇರೆನಾ, ಕಣ್ಣು ಮುಚ್ಚಿ. "ಅಲ್ಲೇ ಇರಲಿ."