ಹೊನ್ನೆಯ ಮೈಯಲ್ಲೊಂದು ಮೊಳೆ

“ಆ ಮೊಳೆ ಒಂದನ್ನ ಮುಟ್ಬೇಡಿ ಮೇಡಂ. ಹಲಗೆ ಬೇಕಾದ್ರೆ ಹಗ್ಗದಲ್ಲಿ ಕಟ್ಕೊಡ್ತೀನಿ,” ಎಂದ ಮುದುಕ ಮಾಲಿ.

ಮೇಡಂ ನಕ್ಕಳು. ಸಸ್ಯತೋಟಕ್ಕೆ ಹೊಸದಾಗಿ ಬಂದ ಸಸ್ಯತಜ್ಞೆ ಅವಳು. ಮುಖದ ಮೇಲೆ ಹೊಡೆದಂತೆ ಮಾತಾಡಿ ಹೋದಲ್ಲೆಲ್ಲ ನಿಷ್ಠುರ ಕಟ್ಟಿಕೊಂಡವಳು. ಯಾರಾದರೂ ಹೆದರಿಸಲು ಬಂದರೆ ಮೈಯೆಲ್ಲ ಉರಿದುಹೋಗುತ್ತಿತ್ತು. ತೋಟದ ಎಲ್ಲ ಮರಗಳಿಗೂ ಹೆಸರಿನ ಹಲಗೆಯಿತ್ತು, ಮೂಲೆಯ ಈ ಹೊನ್ನೆ ಮರವೊಂದನ್ನು ಬಿಟ್ಟು. ಯಾಕೆಂದು ಕೇಳಿದರೆ ಆಳುಗಳೆಲ್ಲ ಬೇರೆ ಕೆಲಸ ನೆನಪಿಸಿಕೊಂಡು ಹೊರಡುತ್ತಿದ್ದರು.

“ಯಾರು ಹೊಡೆದ ಮೊಳೆ ತಾತ ಅದು?”

“ಮಾಟದವನು. ನಮ್ಮಣ್ಣನ ಹೆಸರು ಬಟ್ಟೆ ಮೇಲೆ ಬರೆದು, ಅದರ ಮೇಲೆ ಹೊಡ್ದಿದ್ದ.” ಮಾಲಿಯ ದನಿ ಇಳಿಯಿತು. “ಅಣ್ಣ ಇಲ್ಲೇ ಬಂದು ನಿಂತ. ಕಾಲು ಕೀಳೋಕೆ ಆಗ್ಲಿಲ್ಲ. ನಿಂತ ಹಾಗೇ ಹೋದ. ಬಟ್ಟೆ ಯಾವತ್ತೋ ಕೊಳೆತು ಹೋಯ್ತು ಮೇಡಂ. ಮೊಳೆ ಖಾಲಿ ಕೂತಿದೆ.”

“ಖಾಲಿ ಕೂತಿದ್ರೆ ಅದಕ್ಕೂ ಒಂದು ಕೆಲಸ ಕೊಡೋಣ ಬಿಡಿ.”

ಮುದುಕನ ಸಮಾಧಾನಕ್ಕೆಂದು ಹಲಗೆಯ ಮೇಲ್ತುದಿಗೆ ಹಗ್ಗ ಕಟ್ಟಿಸಿದಳು. ಕೆಳತುದಿ ಗಾಳಿಗೆ ಅಲ್ಲಾಡಬಾರದಲ್ಲ. ಇಕ್ಕಳ ಹಾಕಿ ಮೊಳೆ ಕಿತ್ತಳು. ತೊಗಟೆಯ ತೂತಿನಿಂದ ಕೆಂಪಗೆ, ಮಂದವಾಗಿ ರಸ ಜಿನುಗಿತು. ಮಾಲಿ ಕಣ್ಣು ಮುಚ್ಚಿಕೊಂಡ.

“ಇದು ರಕ್ತ ಅಲ್ಲ ತಾತ, ಹೊನ್ನೆಯ ಅಂಟು. ಗಾಯಕ್ಕೆ ಹಚ್ಚಿದ್ರೆ ರಕ್ತ ನಿಲ್ಲತ್ತೆ,” ಎನ್ನುತ್ತಲೇ ಅದೇ ಮೊಳೆಯನ್ನು ಹಲಗೆಯ ಮೂಲಕ ಅದೇ ತೂತಿಗೆ ಬಡಿದಳು.

ಹಲಗೆಯಲ್ಲಿ ಎಲ್ಲವೂ ಅಚ್ಚುಕಟ್ಟಾಗಿತ್ತು. ಹೊನ್ನೆ, ಅವರೆ-ತೊಗರಿಗಳ ಕುಟುಂಬ. ಉಷ್ಣವಲಯದ ಎಲೆಯುದುರುವ ಕಾಡುಗಳಲ್ಲಿ ಬೆಳೆಯುತ್ತದೆ. ಬಾಗಿಲಿಗೆ, ಬಂಡಿಗೆ ಮರ. ಮದ್ದಿಗೆ, ಬಣ್ಣಕ್ಕೆ ಅಂಟು. ಕಟ್ಟಕಡೆಯ ಸಾಲಿನ ನಟ್ಟನಡುವೆ ಮೊಳೆ ಇಳಿದಿತ್ತು.

“ಆ ಕೊನೇ ಸಾಲಲ್ಲಿ ಏನಿದೆ ಮೇಡಂ?” ಓದಲು ಬಾರದ ಮಾಲಿ ಕೇಳಿದ.

“ನನ್ನ ಹೆಸರು. ಮರವನ್ನ ಗುರುತು ಹಿಡಿದೋರು ತಮ್ಮ ಹೆಸರು ಬರೆಯೋದು ನಮ್ಮ ಪದ್ಧತಿ.”

ಹೇಳಿದ ಮೇಲೆಯೇ ಅವಳಿಗೆ ಅದು ಹೊಳೆದದ್ದು. ಮಾಲಿ ಹೆಜ್ಜೆ ಹೆಜ್ಜೆಯಾಗಿ ಹಿಂದೆ ಸರಿಯುತ್ತಿದ್ದ. ಅವಳು ಜೋರಾಗಿಯೇ ನಕ್ಕು ಸುತ್ತಿಗೆ ಚೀಲಕ್ಕೆ ಹಾಕಿ ಹೊರಟಳು.

ಕಾಲು ಏಳಲಿಲ್ಲ.

ಜೋಮು ಹಿಡಿದಿರಬೇಕು ಎಂದುಕೊಂಡಳು. ಎಳೆದಳು. ಬರಲಿಲ್ಲ. ಸಂಜೆಯ ಹಕ್ಕಿಗಳ ಗಲಾಟೆ ಒಮ್ಮೆಲೇ ನಿಂತುಹೋಯಿತು. ಹಸಿ ತೊಗಟೆಯ ವಾಸನೆ, ತುಕ್ಕಿನ ವಾಸನೆ ಮೂಗಿಗೆ ಅಡರಿತು. ಅಂಗಾಲಿನಿಂದ ತಣ್ಣಗಿನದೇನೋ ಏರುತ್ತಿತ್ತು. ಮಂಡಿ ಮರಗಟ್ಟಿತು. ಸೊಂಟ ಮರಗಟ್ಟಿತು. ಕಿವಿಯೊಳಗೆ ಏನೋ ಜಿನುಗುವ ಸದ್ದು. ಸಣ್ಣಗೆ. ಬಿಡದೆ. ಅವಳ ಕೈ ಮೊಳೆಯತ್ತ ಹೋಯಿತು.

“ಕೀಳ್ಬೇಡಿ,” ಎಂದ ಮಾಲಿ ದೂರದಿಂದ. ಅವನು ಅಳುತ್ತಿದ್ದ. “ಅಣ್ಣಂದು ಕೀಳೋಕೆ ಹೋಗಿದ್ವಿ. ಒಂಚೂರು ಅಲ್ಲಾಡಿಸಿದ್ದಷ್ಟೇ. ಉಸಿರು ಹೋಯ್ತು.”

ಅವಳಿಗೆ ಭಯವಾಯಿತು. ಅದಕ್ಕಿಂತ ಹೆಚ್ಚಾಗಿ ಕೋಪ ಬಂತು. ಒಂದು ತುಕ್ಕು ಮೊಳೆ ತನ್ನನ್ನು ನಿಲ್ಲಿಸುವುದೇ?

“ಕೀಳಲ್ಲ,” ಎಂದಳು, ಹಲ್ಲು ಕಚ್ಚಿ, ಮರಕ್ಕೆ. “ನಿನಗೆ ಬೇಕಾಗಿರೋದು ಹೆಸರು ತಾನೆ? ನೋಡ್ತಾ ಇರು.”

ಕಸಿ ಕಟ್ಟುವ ಚಾಕು ಜೇಬಿನಲ್ಲಿತ್ತು. ಹಲಗೆಯ ಮೇಲಿನ ಹೆಸರನ್ನು ಮೊಳೆಗೆ ತಾಗದಂತೆ ಕೆರೆದಳು. ಒಂದು ಅಕ್ಷರ ಹೋಯಿತು. ಸೊಂಟ ಸಡಿಲವಾಯಿತು. ಇನ್ನೊಂದು. ಮಂಡಿ ಬಾಗಿತು. ಎದೆಯೊಳಗೂ ಏನೋ ಕೆರೆದುಹೋಗುತ್ತಿತ್ತು. ನಿಲ್ಲಿಸಲಿಲ್ಲ. ಉಸಿರು ಕಟ್ಟಿತು. ನಿಲ್ಲಿಸಲಿಲ್ಲ. ಕೊನೆಯ ಅಕ್ಷರ. ಚಾಕು ಜಾರಿತು. ಮತ್ತೆ ಕೆರೆದಳು. ದೊಪ್ಪನೆ ಹಿಂದಕ್ಕೆ ಬಿದ್ದಳು. ಕಾಲು ಅವಳದಾಗಿತ್ತು.

ಮನೆ ಸೇರುವಷ್ಟರಲ್ಲಿ ಅಮ್ಮನ ಫೋನು ಬಂತು. ಮಗಳು ಎಷ್ಟು ದೊಡ್ಡವಳಾದರೂ ಬಾಯಿ ತುಂಬ ಹೆಸರು ಹಿಡಿದು ಕರೆಯುವ ಅಮ್ಮ, ಇವತ್ತು ಬರೀ “ಹಲೋ” ಎಂದಳು.

“ಇದೇನೇ ಮಗಳೇ, ನಿನ್ನ ಹೆಸರು ನಾಲಿಗೆ ತುದೀಲೇ ಇದೆ. ಬರ್ತಾ ಇಲ್ಲ ಕಣೇ. ನಾನೇ ಇಟ್ಟಿದ್ದಲ್ವಾ. ಏನೇ ಅದು?”

ಹೇಳಲು ಅವಳು ಬಾಯಿ ತೆರೆದಳು. ನಾಲಿಗೆಯ ಮೇಲೆ ತುಕ್ಕಿನ ರುಚಿಯಿತ್ತು, ಬೇರೇನೂ ಇರಲಿಲ್ಲ. ಆ ಕಡೆ ಅಮ್ಮ ಅಳತೊಡಗಿದಳು. ಈ ಕಡೆ ಇವಳೂ ಅತ್ತಳು.

ಮೇಡಂ ಇನ್ನು ಇತ್ತ ತಲೆ ಹಾಕುವುದಿಲ್ಲ ಎಂದುಕೊಂಡಿದ್ದ ಮಾಲಿ. ಮರುದಿನ ಬೆಳಗ್ಗೆ ಅವಳು ಕುಂಚ ಹಿಡಿದು ನೇರ ಹೊನ್ನೆಯ ಬುಡಕ್ಕೇ ಬಂದಳು. ಕಣ್ಣು ಊದಿಕೊಂಡಿದ್ದವು. ಮೊಳೆಯ ಸುತ್ತ ಕೆಂಪು ಅಂಟು ಜಿನುಗಿ ನಿಂತಿತ್ತು. ಕುಂಚವನ್ನು ಅದರಲ್ಲೇ ಅದ್ದಿ, ಕೆರೆದ ಜಾಗದ ಕೆಳಗೆ ಬರೆದಳು.

“ಏನು ಬರೆದ್ರಿ ಮೇಡಂ?” ಮಾಲಿ ದೂರದಿಂದಲೇ ಕೇಳಿದ.

ಅವಳು ಕುಂಚವನ್ನು ಮರದ ತೊಗಟೆಗೇ ಒರೆಸಿ, ಗಟ್ಟಿಯಾಗಿ ಓದಿದಳು.

“ಗುರುತು ಹಿಡಿದವಳು ಇನ್ನೂ ಬದುಕಿದ್ದಾಳೆ.”