ಗುಪ್ತೆ ಎಂದ ವರ

ಹೆಣ್ಣು ನೋಡಲು ಬಂದವನು ಹೆಣ್ಣಿನ ಕಡೆ ನೋಡಲೇ ಇಲ್ಲ.

ಉಮಾಮಹೇಶ್ವರಿ ಉಪ್ಪಿಟ್ಟಿನ ತಟ್ಟೆ ಹಿಡಿದು ಪಡಸಾಲೆಗೆ ಬಂದಾಗ ಕರಿಬಸವರಾಜ ಪೂರ್ತಿ ಅವಳ ತಂದೆಯ ಕಡೆಗೇ ತಿರುಗಿ ಕೂತಿದ್ದ. ತಂದೆ ಕೊಟ್ಟೂರಪ್ಪನವರು ಹುಡುಗನ ಕೆಲಸ ಕೇಳಿರಲಿಲ್ಲ, ಮನೆತನ ಕೇಳಿರಲಿಲ್ಲ. ಕೇಳಿದ್ದು ಒಂದೇ ಪ್ರಶ್ನೆ.

"ಅಲ್ಲ ತಮ್ಮಾ, ಇಷ್ಟು ವರ್ಷದಾಗೆ ನಮ್ಮ ದೇಶದ ಬೌಲರ್‌ಗಳ ಪೈಕಿ ಎಲ್ಲರಿಗಿಂತ ದೊಡ್ಡಾವ ಯಾರು?"

ಬಾಗಿಲ ಮರೆಯಲ್ಲಿ ನಿಂತಿದ್ದ ತಾಯಿ ಹಣೆ ಹಣೆ ಬಡಿದುಕೊಂಡರು. ಉತ್ತರ ದಾವಣಗೆರೆಯ ಕೆ.ಬಿ. ಬಡಾವಣೆಗೆಲ್ಲ ಗೊತ್ತಿತ್ತು: ವಿನೂ ಮಂಕಡ್. ಕೊಟ್ಟೂರಪ್ಪನವರು ಹತ್ತಿ ವ್ಯಾಪಾರಕ್ಕೆಂದು ಬೊಂಬಾಯಿಗೆ ಹೋಗಿದ್ದಾಗ ಮಂಕಡ್ ಬೌಲಿಂಗ್ ಮಾಡಿದ್ದನ್ನು ಕಣ್ಣಾರೆ ನೋಡಿ ಬಂದವರು. ಈ ಸಂಬಂಧ ತಂದಿದ್ದ, ಹರಿಹರದಲ್ಲಿದ್ದ ಉಮಾಳ ಸೋದರತ್ತೆ ಮರುಳಸಿದ್ದಮ್ಮ ರೈಲಿನಲ್ಲಿ ದಾರಿಯುದ್ದಕ್ಕೂ ಹುಡುಗನಿಗೆ ಹೇಳಿಕೊಟ್ಟಿದ್ದಳು. ಮಂಕಡ್ ಅನ್ನು, ಉಪ್ಪಿಟ್ಟು ತಿನ್ನು, ಎದ್ದು ಬಾ.

ಕರಿಬಸವರಾಜ ಒಂದು ಗಳಿಗೆ ಯೋಚಿಸಿದ. ಆಮೇಲೆ ಬಹಳ ವಿನಯದಿಂದ, "ಸುಭಾಷ್ ಗುಪ್ತೆ ರೀ," ಎಂದ.

ಅತ್ತೆ ಕಣ್ಣು ಮುಚ್ಚಿದಳು.

ಅಲ್ಲಿಂದ ಮುಕ್ಕಾಲು ಗಂಟೆ ಉಮಾ ತಟ್ಟೆ ಹಿಡಿದೇ ನಿಂತಿದ್ದಳು. ಕಾನ್ಪುರದಲ್ಲಿ ವೆಸ್ಟ್ ಇಂಡೀಸಿನ ಒಂಬತ್ತು ವಿಕೆಟ್ ತೆಗೆದದ್ದು ಯಾರು ಎಂದು ಇವನು. ತೆಗೆದು ಏನು ಮಾಡಿದ, ಮ್ಯಾಚ್ ಸೋತೆವಲ್ಲ, ಮದ್ರಾಸಿನಲ್ಲಿ ಮಂಕಡ್ ಎಂಟು ತೆಗೆದಾಗ ಗೆದ್ದೆವು ಎಂದು ಅವರು. ಸೋತಿದ್ದು ಬ್ಯಾಟು ಹಿಡಿದವರಿಂದ ಎಂದು ಇವನು. ಉಪ್ಪಿಟ್ಟು ಆರಿ ಗಟ್ಟಿಯಾಯಿತು.

ಕೊನೆಗೆ ಅಪ್ಪ ಎಲೆಯಡಿಕೆ ಉಗಿಯಲು ಎದ್ದು ಹೋದರು. ಆಗ ಅವನು ತಲೆಯೆತ್ತಿದ. ಉದ್ದ ರೆಪ್ಪೆಯ ಕಣ್ಣು. ಆ ಕಣ್ಣಿನಲ್ಲಿ ಅಂಜಿಕೆಯಿತ್ತು, ತಪ್ಪಾಯಿತು ಎಂಬ ಬೇಡಿಕೆಯಿತ್ತು, ಅದೆಲ್ಲದರ ಹಿಂದೆ ಅಡಗಿಸಲಾಗದ ಒಂದು ನಗುವೂ ಇತ್ತು. "ಕೈ ನೋಯ್ತೇನ್ರಿ?" ಎಂದು ಮೆಲ್ಲಗೆ ಕೇಳಿ ತಟ್ಟೆ ತೆಗೆದುಕೊಂಡ.

ಉಮಾಳಿಗೆ ಸಿಟ್ಟು ಬಂದದ್ದೇ ಆಗ. ಅವನು ಹಿಡಿಸದೇ ಹೋಗಿದ್ದರೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ.

ಅವರು ಹೋದ ಮೇಲೆ ಅಪ್ಪ, "ಈ ಸಂಬಂಧ ಬ್ಯಾಡ," ಎಂದರು. ಹಿಂದಿನ ವರ್ಷ ರಾಣೆಬೆನ್ನೂರಿನ ವರ ಯಾರೋ ಆಸ್ಟ್ರೇಲಿಯಾದವನ ಹೆಸರು ಹೇಳಿದ್ದಕ್ಕೆ ಬೇಡವಾಗಿದ್ದ. ಅದರ ಹಿಂದಿನವನು ಕ್ರಿಕೆಟ್ಟೇ ಗೊತ್ತಿಲ್ಲ ಅಂದಿದ್ದಕ್ಕೆ.

ಕ್ರಿಕೆಟ್ ಎಂದರೆ ಉಮಾಳಿಗೆ ಸಾಕುಸಾಕಾಗಿತ್ತು. ಆ ಆಟದ ಬಗ್ಗೆ ಊರಿನಲ್ಲಿ ಅವಳಷ್ಟು ತಿಳಿದವರೂ ಕಡಿಮೆಯೇ. ರೇಡಿಯೋದಲ್ಲಿ ಕಾಮೆಂಟರಿ ಬರುತ್ತಿದ್ದುದು ಇಂಗ್ಲೀಷಿನಲ್ಲಿ, ಅಪ್ಪನಿಗೆ ಇಂಗ್ಲೀಷು ಬರುತ್ತಿರಲಿಲ್ಲ. ಹೈಸ್ಕೂಲಿನಲ್ಲಿದ್ದಾಗಿನಿಂದ ಆರು ವರ್ಷ, ಟೆಸ್ಟ್ ಮ್ಯಾಚ್ ಬಂತೆಂದರೆ ಅವಳು ರೇಡಿಯೋ ಪಕ್ಕ ಕೂತು ಒಂದೊಂದು ಬಾಲನ್ನೂ ಕನ್ನಡದಲ್ಲಿ ಹೇಳಬೇಕು. ಜಗುಲಿಯ ತುಂಬ ಜನ ಇರುತ್ತಿದ್ದರು. ಎದುರು ಅಂಗಡಿಯ ಟೈಲರ್ ಮಸ್ತಾನಸಾಬ್ ಹೊಲಿಗೆ ಮೆಷಿನ್ ನಿಲ್ಲಿಸಿ ಬರುತ್ತಿದ್ದ. "ಏನಂದನವ್ವ? ಔಟಾ?" ಎಂದು ಎಲ್ಲರೂ ಒಟ್ಟಿಗೆ ಕಿರುಚುವರು. ಈಗ ಅವಳು ಹೆಣ್ಣುಮಕ್ಕಳ ಶಾಲೆಯಲ್ಲಿ ಇಂಗ್ಲೀಷ್ ಟೀಚರು. ರಜೆ ಹಾಕಿಯಾದರೂ ಕೂರಲೇಬೇಕಿತ್ತು.

ಎಂಟು ದಿನದ ಮೇಲೆ ಹರಿಹರದಿಂದ ಅಪ್ಪನ ಹೆಸರಿಗೆ ಕರಿಬಸವರಾಜನ ಒಂದು ಕಾರ್ಡು ಬಂತು. ದುಂಡನೆಯ ಅಕ್ಷರ. ಕಾನ್ಪುರದಲ್ಲಿ ಹತ್ತನೆಯ ವಿಕೆಟ್ಟೂ ಗುಪ್ತೆಯದೇ ಆಗಬೇಕಿತ್ತು, ಕ್ಯಾಚು ಕೈತಪ್ಪಿತು, ಇದನ್ನು ತಾವು ಆ ದಿನ ಪರಿಗಣಿಸಲಿಲ್ಲ ಎಂದು ಬರೆದಿತ್ತು. ಕೊನೆಗೆ, "ಮನೆಯಲ್ಲಿ ಎಲ್ಲರೂ ಕ್ಷೇಮವೆಂದು ಭಾವಿಸುತ್ತೇನೆ."

ಉಮಾ ಅದನ್ನು ಮೂರು ಸಲ ಓದಿದಳು. ತನ್ನ ಬಗ್ಗೆ ಒಂದು ಮಾತಿಲ್ಲ. ವಿಳಾಸದ ಕಡೆಯನ್ನೂ ತಿರುಗಿಸಿ ನೋಡಿದಳು. 'ಎಲ್ಲರೂ' ಅನ್ನುವುದರೊಳಗೆ ತಾನೂ ಇರಬೇಕು, ನಾಲ್ಕನೆಯ ಒಂದು ಪಾಲು, ಮನೆಯ ಎಮ್ಮೆಯನ್ನೂ ಸೇರಿಸಿ.

"ಬರಿ!" ಎಂದರು ಅಪ್ಪ, ಕುರ್ಚಿ ಎಳೆದುಕೊಂಡು. ಅವರು ಹೇಳಿದರು, ಇವಳು ಬರೆದಳು.

ಹೀಗೆ ಯುಗಾದಿಯವರೆಗೆ ಹನ್ನೊಂದು ಕಾರ್ಡು ಹೋಗಿ ಬಂದವು. ಪೋಸ್ಟ್‌ಮ್ಯಾನ್ ಮಾರಣ್ಣ ಬರುತ್ತಲೇ, "ಉಮಕ್ಕ, ಈ ಸಲ ಗುಪ್ತೆ ಸ್ವಲ್ಪ ಬಿಗಿ ಅದಾನೆ," ಎಂದು ದಾರಿಯಲ್ಲೇ ಓದಿಕೊಂಡು ಬಂದಿದ್ದನ್ನು ಹೇಳುತ್ತಿದ್ದ. ಬೇಡವಾದ ವರನ ಜೊತೆ ಅಪ್ಪನ ಇಷ್ಟು ಸಡಗರದ ಜಗಳ ಕಂಡು ಉಮಾಳಿಗೆ ಗೋಡೆಗೆ ತಲೆ ಚಚ್ಚಿಕೊಳ್ಳುವಂತಾಗುತ್ತಿತ್ತು. ಈ ಇಬ್ಬರೂ ಗಂಡಸರು ಮದುವೆ ಮಾಡಿಕೊಂಡರೆ ಚೆನ್ನಾಗಿರುತ್ತಿತ್ತು ಎಂದು ಒಂದು ದಿನ ತಾಯಿಗೆ ಹೇಳಿಯೂಬಿಟ್ಟಳು.

ಹನ್ನೊಂದನೆಯ ಕಾರ್ಡಿನ ಕೆಳಗೆ, ಅಪ್ಪನಿಗೆ ಕನ್ನಡಕವಿಲ್ಲದೆ ಕಾಣದಷ್ಟು ಚಿಕ್ಕದಾಗಿ ತಾನೇ ಒಂದು ಸಾಲು ಸೇರಿಸಿದಳು. "ಬರೆಯುತ್ತಿರುವವಳು ನಿಮ್ಮಿಬ್ಬರ ಗುಮಾಸ್ತೆಯಲ್ಲ."

ಉತ್ತರದ ತಳದಲ್ಲಿ ಅಷ್ಟೇ ಚಿಕ್ಕ ಸಾಲಿತ್ತು. "ಆ ಅಕ್ಷರ ನೋಡಬೇಕೆಂದೇ ಜಗಳ ನಿಲ್ಲಿಸಿಲ್ಲ."

ಆ ದಿನ ಉಮಾ ಶಾಲೆಯಲ್ಲಿ ಬೋರ್ಡಿನ ಮೇಲೆ ತಾರೀಕು ತಪ್ಪು ಬರೆದಳು. ಮಕ್ಕಳು ನಕ್ಕರು. ಅವಳೂ ನಕ್ಕಳು.

ಆದರೆ ಮುಂದಿನ ಕಾರ್ಡಿನಲ್ಲಿ ಮತ್ತೆ ಬರೀ ಗುಪ್ತೆ.

ಕೊನೆಗೆ ಅತ್ತೆಯ ಕಾಟ ತಡೆಯಲಾರದೆ ಅಪ್ಪ ಒಂದು ಮಾತಿಗೆ ಇಳಿದರು. "ಬರಿ. ಮಂಕಡ್ಡೇ ದೊಡ್ಡಾವ ಅಂತ ಒಂದೇ ಒಂದು ಸಾಲು ಬರೆದು ಕಳಿಸಪ್ಪ. ನಾಳೆನೇ ವೀಳ್ಯ ಬದಲಾಯಿಸೋಣ."

ಉಮಾ ಒಂದಕ್ಷರ ಬಿಡದೆ ಬರೆದಳು. ಆ ಕಾರ್ಡನ್ನು ಅವಳೇ ನಡೆದುಕೊಂಡು ಹೋಗಿ ಡಬ್ಬಿಗೆ ಹಾಕಿ ಬಂದಳು. ನಾಲ್ಕು ದಿನ ಊಟ ಸೇರಲಿಲ್ಲ.

ಐದನೆಯ ದಿನ ಉತ್ತರ ಬಂತು. "ಕ್ಷಮಿಸಬೇಕು. ನನಗೆ ಹಾಗನ್ನಿಸುವುದಿಲ್ಲ. ಅನ್ನಿಸದ್ದನ್ನು ಬರೆಯಲಾರೆ."

ಮಾರಣ್ಣ ಆ ದಿನ ಕಾರ್ಡನ್ನು ಬೋರಲು ಮಾಡಿ ಅವಳ ಕೈಗಿಟ್ಟು ಸೈಕಲ್ ಹತ್ತಿದ.

ಭಾನುವಾರ ಬೆಳಿಗ್ಗೆ ಉಮಾ ಅತ್ತೆಯನ್ನು ನೋಡಿ ಬರುತ್ತೇನೆಂದು ಹೇಳಿ ಹರಿಹರದ ರೈಲು ಹತ್ತಿದಳು. ಅವಳ ಮುಖ ನೋಡಿಯೇ ಅತ್ತೆಗೆ ಎಲ್ಲ ತಿಳಿಯಿತು. ಕರಿಬಸವರಾಜ ಇದ್ದದ್ದು ಅದೇ ಬೀದಿಯಲ್ಲಿ. ಕಾರ್ಖಾನೆಯೊಂದರ ಡ್ರಾಯಿಂಗ್ ಆಫೀಸಿನಲ್ಲಿ ಯಂತ್ರಗಳ ನಕ್ಷೆ ಬರೆಯುವ ಕೆಲಸ ಅವನದು. ಊಟವಾದ ಮೇಲೆ ಅತ್ತೆ ಅವನನ್ನು ಕರೆಸಿ, "ನಂಗೆ ಕಾಲು ನೋವಪ್ಪ. ಇವಳನ್ನ ಸ್ಟೇಷನ್ ತನಕ ಬಿಟ್ಟು ಬಾ," ಎಂದಳು.

ಸ್ಟೇಷನ್ನಿನವರೆಗೆ ಉಮಾ ಅವನಿಗಿಂತ ನಾಲ್ಕು ಹೆಜ್ಜೆ ಮುಂದೆಯೇ ನಡೆದಳು. ರೈಲು ತಡ ಎಂದು ಗೊತ್ತಾಯಿತು. ಪ್ಲಾಟ್‌ಫಾರ್ಮಿನ ಬೇವಿನ ಮರದ ನೆರಳಲ್ಲಿ ಉಮಾ ತಟ್ಟನೆ ತಿರುಗಿ ನಿಂತಳು.

"ಮೂರಕ್ಷರ ರೀ. ಮೂರಕ್ಷರ ಬರೆದಿದ್ರೆ ನಿಮ್ಮ ಕೈ ಸವೀತಿತ್ತಾ?"

"ಸವೀತಿರಲಿಲ್ಲ."

"ಮತ್ತೆ? ಆ ಗುಪ್ತೆ ಏನು ನಿಮ್ಮ ಸೋದರಮಾವನಾ? ನಿಮ್ಮ ಹೆಸರಾದ್ರೂ ಗೊತ್ತೇನು ಅವ್ರಿಗೆ?"

"ಇಲ್ಲ ರೀ." ಅವನು ನೆಲ ನೋಡಿದ. "ಬರೀಬೇಕು ಅಂತ ಕಾರ್ಡು ತಗಂಡು ಕೂತೆ. ಆಗ ಅನ್ನಿಸ್ತು, ಮದುವೆ ಆದ ಮ್ಯಾಲೆ ಒಂದಿನ ನಿಮ್ಮ ಅಡಿಗೆ ಚೆನ್ನಾಗೈತೆ ಅಂತೀನಿ. ನೀವು ನಂಬ್ತೀರಾ? ಬೇಕಾದಾಗ ಏನು ಬೇಕಾದ್ರೂ ಅನ್ನೋ ಮನುಷ್ಯ ಇವ್ನು ಅಂದ್ಕತೀರಿ."

"ನನ್ನ ಅಡಿಗೆ ಚೆನ್ನಾಗಿರೋದೂ ಇಲ್ಲ!"

"ಹಂಗಾದ್ರೆ ಅದನ್ನೂ ಹೇಳ್ತೀನಿ."

ಈ ಮನುಷ್ಯನನ್ನು ಏನು ಮಾಡಬೇಕೆಂದು ಉಮಾಳಿಗೆ ತಿಳಿಯಲಿಲ್ಲ. ಹೊಡೆಯಬೇಕು ಅನ್ನಿಸಿತು. ಹೊಡೆಯುವಷ್ಟು ಹತ್ತಿರ ನಿಂತಿದ್ದೇನೆ ಎಂದು ಆಮೇಲೆ ಅರಿವಾಗಿ ಒಂದು ಹೆಜ್ಜೆ ಹಿಂದೆ ಸರಿದಳು. ಅವನು ಅದನ್ನು ಗಮನಿಸಿದ. ಅವನು ಗಮನಿಸಿದ್ದು ಅವಳಿಗೂ ಕಂಡಿತು.

"ಒಂದು ಕೇಳ್ಲೇನ್ರಿ?" ಎಂದ. "ಆರು ವರ್ಷ ಎಲ್ಲಾ ಮ್ಯಾಚೂ ಕೇಳಿದೋರಂತೆ ನೀವು, ನಿಮ್ಮತ್ತೆ ಅಂದ್ರು. ನಿಮ್ಮ ಪ್ರಕಾರ ಯಾರು ದೊಡ್ಡೋರು?"

ಇದನ್ನು ಅವಳಿಗೆ ಯಾರೂ ಕೇಳಿರಲಿಲ್ಲ. ಅಪ್ಪ ಕೇಳಿರಲಿಲ್ಲ, ಜಗುಲಿಯ ಜನ ಕೇಳಿರಲಿಲ್ಲ. ಅವರಿಗೆಲ್ಲ ರೇಡಿಯೋ ಏನಂತು ಎನ್ನುವುದಷ್ಟೇ ಬೇಕಿತ್ತು.

"ಜಸು ಪಟೇಲ್," ಎಂದಳು.

"ಪಟೇಲಾ?" ಅವನು ಗಾಬರಿಯಾದ. "ಅಲ್ಲ ರೀ, ಅವ್ರದು ಒಂದೇ ಒಂದು ಮ್ಯಾಚು..."

"ಬಾಯಿ ಮುಚ್ಚಿ ಕೇಳ್ರಿ!"

ಅವನು ಬಾಯಿ ಮುಚ್ಚಿದ.

"ಮೊನ್ನೆ ಡಿಸೆಂಬರ್‌ನಾಗೆ, ಆಸ್ಟ್ರೇಲಿಯಾ ಮ್ಯಾಚು. ಮೂವತ್ತೈದು ವಯಸ್ಸು ಅವ್ರಿಗೆ. ಚಿಕ್ಕವರಿದ್ದಾಗ ಮರದಿಂದ ಬಿದ್ದು ಕೈ ಮುರಿದಿತ್ತಂತೆ, ಅದಕ್ಕೇ ಬೌಲಿಂಗ್ ಒಂಥರಾ ಸೊಟ್ಟ ಅಂತ ಪೇಪರ್‌ನಾಗೆ ಓದಿದೆ. ಇವ್ರನ್ನ ಯಾಕೆ ಕರೆದ್ರು ಅಂತ ಎಲ್ಲರೂ ಕೇಳಿದ್ರು. ಮೊದಲು ಒಂಬತ್ತು ತೆಗೆದ್ರು, ಆಮೇಲೆ ಐದು. ಕೊನೇ ದಿನ ನಾನು ಕನ್ನಡದಾಗೆ ಹೇಳೋದೇ ಮರೆತೆ. ಎದ್ದು ನಿಂತಿದ್ದೆ. ಅಪ್ಪಾಜಿ ಏನಂದ ಏನಂದ ಅಂತ ಕೂಗ್ತಾನೇ ಅವ್ರೆ, ನಂಗೆ ಬಾಯೇ ಬರ್ಲಿಲ್ಲ. ಆರು ವರ್ಷದಾಗೆ ಅವತ್ತೊಂದೇ ದಿನ ನಾನು ನನಗೋಸ್ಕರ ಕೇಳಿದ್ದು."

ಹೇಳುತ್ತ ಅವಳ ಕಣ್ಣು ತುಂಬಿತು. ಕ್ರಿಕೆಟ್ಟಿಗೆ ಅಳುವುದೇ ಎಂದು ನಾಚಿಕೆಯಾಗಿ ಸೆರಗಿನಿಂದ ಒರೆಸಿಕೊಂಡಳು.

ಕರಿಬಸವರಾಜ ಬಹಳ ಹೊತ್ತು ಅವಳನ್ನೇ ನೋಡಿದ. ಹೆಣ್ಣು ನೋಡಲು ಬಂದ ದಿನ ಉಳಿಸಿಕೊಂಡಿದ್ದನ್ನೆಲ್ಲ ಈಗ ನೋಡುತ್ತಿದ್ದಾನೇನೋ ಅನ್ನುವ ಹಾಗೆ.

"ನೀವು ಹೇಳಿದ್ದು ಪೂರ್ತಿ ತಪ್ಪು," ಎಂದ. ದನಿ ಮೆತ್ತಗಿತ್ತು. "ಆದ್ರೆ ತಪ್ಪು, ತಪ್ಪು ಅಂತ ದಿನಾ ಹೇಳ್ಕಂತ ಇರೋ ಹಂಗಿದ್ರೆ ಎಷ್ಟು ಚೆನ್ನಾಗಿರ್ತೈತೆ."

"ಇದೇನ್ರಿ? ಇದಕ್ಕೆ ಏನು ಅರ್ಥ?"

ಅವನು ಹೇಳಲು ಹೊರಟ. ಅಷ್ಟರಲ್ಲಿ ತಡವಾಗಿದ್ದ ರೈಲು ಬಂದೇಬಿಟ್ಟಿತು. ಎಂಜಿನ್ನಿನ ಸದ್ದಿನಲ್ಲಿ ಅವನ ತುಟಿ ಆಡಿದ್ದು ಕಂಡಿತೇ ಹೊರತು ಮಾತು ಕೇಳಲಿಲ್ಲ. ದಾವಣಗೆರೆ ಮುಟ್ಟುವವರೆಗೂ ಉಮಾ ಹಲ್ಲು ಕಚ್ಚಿಕೊಂಡು ಕೂತಿದ್ದಳು.

ಮನೆಯ ಜಗುಲಿಯ ಮೇಲೆ ಅಪ್ಪ, ಮಸ್ತಾನಸಾಬ್ ಮಂಡಕ್ಕಿ ತಿನ್ನುತ್ತ ಕೂತಿದ್ದರು. ಅವಳು ಚಪ್ಪಲಿ ಕಳಚುವ ಮೊದಲೇ ಹೇಳಿದಳು.

"ಅಪ್ಪಾಜಿ, ನಾನು ಹರಿಹರದೋರನ್ನೇ ಮದುವೆ ಆಗೋದು. ಅವ್ರು ಯಾರ ಹೆಸರಾದ್ರೂ ಹೇಳ್ಲಿ."

ಕೊಟ್ಟೂರಪ್ಪನವರ ಕೈ ಮಂಡಕ್ಕಿಯಲ್ಲೇ ನಿಂತಿತು. ಮಾತಾಡಿದ್ದು ಮಸ್ತಾನಸಾಬ್.

"ಯಾ ಅಲ್ಲಾ! ನೀ ಹೋದ್ರೆ ನಮಗೆ ಇಂಗ್ಲೀಷು ಯಾರವ್ವ ಹೇಳೋರು? ಚಳಿಗಾಲಕ್ಕೆ ಪಾಕಿಸ್ತಾನದೋರು ಬೇರೆ ಬರ್ತಾರೆ."

ಅಪ್ಪ ಮುಖ ಅತ್ತ ತಿರುಗಿಸಿದರು. ತಿರುಗಿಸಿದ ರೀತಿ ನೋಡಿ ಉಮಾಳಿಗೆ ತಟ್ಟನೆ ಹೊಳೆಯಿತು. ರಾಣೆಬೆನ್ನೂರಿನವನು. ಅವನ ಹಿಂದಿನವನು. ಯಾರು ಯಾವ ಹೆಸರು ಹೇಳಿದ್ದರೂ ಬೇಡವಾಗುತ್ತಿದ್ದರು.

"ಅಪ್ಪಾಜಿ, ಇದಕ್ಕಾ? ಇಷ್ಟು ದಿನ ಇದಕ್ಕಾ?"

"ಬರೀ ಇಂಗ್ಲೀಷಿಗೆ ಅಲ್ಲವ್ವ," ಎಂದರು ಅಪ್ಪ, ಅವಳ ಕಡೆ ನೋಡದೆ. "ನೀನು ಪಕ್ಕದಾಗೆ ಕೂತು ಹೇಳ್ತಿದ್ರೆ ನಂಗೆ ಆಟ ಕಣ್ಣಿಗೆ ಕಾಣ್ತೈತೆ. ಬ್ಯಾರೇರು ಹೇಳಿದ್ರೆ ಕಾಣಲ್ಲ."

ಉಮಾ ಅವರ ಪಕ್ಕ ಕೂತಳು. ಸಿಟ್ಟು ಎಲ್ಲಿಗೆ ಹೋಯಿತೋ. ಸ್ವಲ್ಪ ಹೊತ್ತಿನ ಮೇಲೆ, "ಹರಿಹರ ಒಂಬತ್ತು ಮೈಲಿ," ಎಂದಳು. "ಮ್ಯಾಚಿಗೆ ಬರ್ತೀನಿ. ನಂಗೆ ಆಗದಿದ್ರೆ ಅವ್ರು ಬರ್ತಾರೆ. ಅವ್ರಿಗೂ ಇಂಗ್ಲೀಷು ಬರ್ತೈತೆ."

"ಅವನು ಹೇಳಿದ್ದನ್ನ ನಾನು ನಂಬಲ್ಲ. ಗುಪ್ತೆ ಎರಡು ತೆಗೆದ್ರೆ ನಾಕು ಅಂತಾನೆ."

"ಹೆಣ್ಣು ಕೊಡ್ತೀನಿ ಅಂದ್ರೂ ಸುಳ್ಳು ಬರೀಲಿಲ್ಲ ಅವ್ರು. ನಿಮ್ಮ ಕೈಯಾಗೇ ಐತೆ ಕಾರ್ಡು. ಇನ್ನೂ ಏನು ಸಾಕ್ಷಿ ಬೇಕು ನಿಮಗೆ?"

ಮಸ್ತಾನಸಾಬ್ "ವಾಹ್!" ಎಂದ. ಕೊಟ್ಟೂರಪ್ಪನವರು ಮಗಳ ಮುಖ ನೋಡಿದರು, ಮಸ್ತಾನಸಾಬನ ಮುಖ ನೋಡಿದರು. ಆಮೇಲೆ ದೊಡ್ಡದೊಂದು ಉಸಿರು ಬಿಟ್ಟು, "ಹರಿಹರಕ್ಕೆ ಹೇಳಿ ಕಳಿಸ್ರಪ್ಪ," ಎಂದರು.

ಬಸವ ಜಯಂತಿ ಕಳೆದ ಮೇಲಿನ ಸೋಮವಾರ ವೀಳ್ಯ ಬದಲಾಯಿತು. ನಂಟರೆಲ್ಲ ಊಟಕ್ಕೆ ಕೂತಾಗ ಉಮಾ ಹಿತ್ತಲಿನಲ್ಲಿ ಬಾಳೆಲೆ ತೊಳೆಯುತ್ತಿದ್ದಳು. ಕರಿಬಸವರಾಜ ಕೈ ತೊಳೆಯುವ ನೆವದಿಂದ ಅಲ್ಲಿಗೆ ಬಂದ. ಹೊಸ ಶರ್ಟಿನ ಮಡಿಕೆ ಇನ್ನೂ ಬಿಟ್ಟಿರಲಿಲ್ಲ. ಬಂದವನು ಗಂಟಲು ಸರಿಮಾಡಿಕೊಂಡ.

ಉಮಾ ತಲೆಯೆತ್ತದೆ, "ಯಾರ ಬೌಲಿಂಗು ಇವತ್ತು?" ಎಂದಳು.

ಅವಳು ತಲೆಯೆತ್ತಿದಾಗ ಅವನ ಮುಖ ಕಿವಿಯವರೆಗೂ ಕೆಂಪಾಗಿತ್ತು.

"ನಂಗೆ ನೀವಂದ್ರೆ ಬಹಳ ಇಷ್ಟ ರೀ," ಎಂದ. "ತಟ್ಟೆ ಹಿಡ್ಕಂಡು ನಿಂತಿದ್ರಲ್ಲ, ಅವತ್ತಿಂದ. ನಿಮ್ಮ ಕಡೆ ನೋಡಿದ್ರೆ ಮಾತೆಲ್ಲ ಮರೆತು ಹೋಗ್ತೈತೆ ಅಂತ ನಿಮ್ಮಪ್ಪಾಜಿ ಕಡೆ ನೋಡ್ಕಂಡು ಕೂತಿದ್ದೆ."

ಉಮಾ ಕೈಯಲ್ಲಿದ್ದ ಎಲೆಯನ್ನು ಮೆಲ್ಲಗೆ ಕೆಳಗಿಟ್ಟಳು. ನಾಲ್ಕು ತಿಂಗಳಲ್ಲಿ ಈ ಮನುಷ್ಯನ ಬಾಯಿಂದ ಕ್ರಿಕೆಟ್ಟಿಲ್ಲದ ಮಾತು ಇಷ್ಟುದ್ದ ಬಂದದ್ದು ಇದೇ ಮೊದಲು.

"ಇನ್ನೊಂದು ಸಲ ಹೇಳ್ರಿ," ಎಂದಳು. "ಸರಿಯಾಗಿ ಕೇಳಿಸ್ಲಿಲ್ಲ."

ಕೇಳಿಸಿತ್ತು ಎಂದು ಅವನಿಗೆ ಗೊತ್ತಿತ್ತು. ಆದರೂ ಹತ್ತಿರ ಬಂದು, ಮೊದಲಿನಿಂದ ಹೇಳಿದ.