ಎರಡನೇ ಗೆರೆ

ಅವನು ನಗದೆ ಬಾಗಿಲು ತೆರೆದದ್ದು ಇದೇ ಮೊದಲು.

"ಎಲೆಗಳೆಲ್ಲ ಮುರುಟಿಕೊಂಡಿವೆ, ಮೇಡಂ. ಈ ಸಲ ನೆಪ ಅಲ್ಲ."

ಅವಳು ತೋಟದಿಂದ ತೋಟಕ್ಕೆ ತಿರುಗಿ, ನಿಂತಲ್ಲೇ ಗಿಡಗಳ ವೈರಸ್ ರೋಗ ಪತ್ತೆಹಚ್ಚುವವಳು. ಅವನು ಅಕ್ಕನೊಡನೆ ಪ್ಲಾಸ್ಟಿಕ್ ಹೊದಿಸಿದ ಪಾಲಿಹೌಸಿನಲ್ಲಿ ಟೊಮ್ಯಾಟೊ ಬೆಳೆಯುವವನು. "ಮೇಡಂ, ಈ ಎಲೆ ಯಾಕೋ ಸಪ್ಪಗಿದೆ" ಎಂದು ಆಗಾಗ ಕರೆಸುತ್ತಿದ್ದ. ಬಂದು ನೋಡಿದರೆ ಲಕಲಕ ಹೊಳೆಯುವ ಎಲೆ! ಅವಳೂ ಕಡಿಮೆಯವಳಲ್ಲ. ಗೊತ್ತಿದ್ದೂ ಎಲೆ ಅರೆದು, ದ್ರವದಲ್ಲಿ ಕಲಸಿ, ಅದರಲ್ಲಿ ರೋಗ ಪರೀಕ್ಷೆಯ ಪಟ್ಟಿ ಅದ್ದಿ ಕೂರುತ್ತಿದ್ದಳು. ಒಂದು ಗೆರೆ ಮೂಡಿದರೆ ಗಿಡ ಚೆನ್ನಾಗಿದೆ, ಎರಡು ಮೂಡಿದರೆ ರೋಗ. ಎರಡನೆಯದು ಬರುತ್ತದೋ ಇಲ್ಲವೋ ತಿಳಿಯಲು ಹತ್ತು ನಿಮಿಷ ಕಾಯಬೇಕು. ಅವರಿಬ್ಬರ ಪ್ರೇಮವೆಂದರೆ ಆ ಹತ್ತು ನಿಮಿಷವೇ. ಸಿನಿಮಾ, ಪಾರ್ಕು ಏನೂ ಇರಲಿಲ್ಲ.

ಕಳೆದ ಸಲ ಪಟ್ಟಿ ಅದ್ದಿದ್ದೇ ತಡ, ಅವನು ಓರೆಗಣ್ಣಲ್ಲಿ ನೋಡುತ್ತ, "ಈ ಮೇಡಂನ ಮನೆಗೇ ಕರ್ಕೊಂಡು ಬಾ ಅಂತಿದ್ದಾಳೆ ಅಕ್ಕ. ಬರ್ತೀರಾ, ಯಾವಾಗ್ಲೂ ಇರೋಕೆ?" ಎಂದಿದ್ದ. ಅವಳ ಕಿವಿ ಕೆಂಪೇರಿತು. ಪಟ್ಟಿಯ ಕಡೆ ಒಮ್ಮೆ ಕಣ್ಣು ಹಾಯಿಸಿ, "ಒಂದೇ ಗೆರೆ, ಏನೂ ಇಲ್ಲ" ಎಂದವಳೇ ಪರೀಕ್ಷೆಯ ಪೆಟ್ಟಿಗೆ ಎತ್ತಿಕೊಂಡು ಓಡಿದ್ದಳು. ಹತ್ತು ನಿಮಿಷ ಆಗಿರಲೇ ಇಲ್ಲ.

ಅವಳ ಮಾತು ನಂಬಿ ಅವನು ಸಾಲುಸಾಲಾಗಿ ಚಿಗುರು ಚಿವುಟಿದ್ದ. ಮುಟ್ಟಿದರೆ ಹರಡುವ, ಗಿಡ ಕಿತ್ತೆಸೆಯುವುದು ಬಿಟ್ಟರೆ ಬೇರೆ ಮದ್ದಿಲ್ಲದ ರೋಗವದು. ಅವನ ಬೆರಳುಗಳೇ ಅದನ್ನು ಗಿಡದಿಂದ ಗಿಡಕ್ಕೆ ದಾಟಿಸಿದ್ದವು.

ಈಗ ಅದ್ದಿದ ಪಟ್ಟಿಯಲ್ಲೆಲ್ಲ ಎರಡೆರಡು ಗೆರೆ. ಅವಳು ನಡೆದದ್ದನ್ನು ಮುಚ್ಚಿಡದೆ ಹೇಳಿದಳು.

"ಹೂ ಬಿಟ್ಟಿರೋ ಗಿಡಗಳು ಇವು. ಒಂದು ಹತ್ತು ನಿಮಿಷ ಕೂರೋಕಾಗ್ಲಿಲ್ವೇನಮ್ಮಾ ನಿನಗೆ?" ಎಂದು ಅಕ್ಕ ಸೆರಗಿನಲ್ಲಿ ಮುಖ ಒರೆಸಿಕೊಂಡು ಹೊರನಡೆದಳು.

ಉಳಿದದ್ದು ಕೊನೆಯ ಸಾಲು. ಅಲ್ಲಿ ಅಷ್ಟಾಗಿ ಕೈಯಾಡಿಸಿದ ನೆನಪು ಅವನಿಗಿರಲಿಲ್ಲ. ಅದಾದರೂ ಉಳಿಯಲಿ ಎಂದುಕೊಂಡು ಅವಳು ಪಟ್ಟಿ ಅದ್ದಿದಳು.

"ಇವತ್ತು ಓಡಲ್ವಾ?" ಎಂದ. ತಮಾಷೆಯೋ ಕಹಿಯೋ ತಿಳಿಯಲಿಲ್ಲ.

"ಇಲ್ಲ. ಕೂರ್ತೀನಿ."

"ನನಗೆ ಕೋಪ ಬಂದಿದೆ."

"ಬೈದುಬಿಡಿ."

"ಹೇಗೆ ಬೈಯಲಿ? ಕೇಳೋಕೆ ಅದೇ ಹೊತ್ತು ಆರಿಸಿಕೊಂಡವನು ನಾನೇ ಅಲ್ವಾ?"

ಅವಳ ಕಣ್ಣು ತುಂಬಿತು. ಆದರೂ ಪಟ್ಟಿಯಿಂದ ನೋಟ ಕೀಳಲಿಲ್ಲ. "ಅವತ್ತು ಹೂಂ ಅನ್ನೋಕೇ ಬಾಯಿ ತೆರೆದಿದ್ದೆ. ಭಯ ಆಯ್ತು, ಓಡಿದೆ. ಈಗಲೂ ಹೂಂ. ನಿಮಗೆ ಬೇಡ ಅನ್ನಿಸಿದ್ರೆ ಹೇಳಿಬಿಡಿ."

ಇಬ್ಬರೂ ಪಟ್ಟಿಯನ್ನೇ ನೋಡುತ್ತ ಕುಳಿತರು. ಹೊತ್ತು ಮುಗಿಯುತ್ತ ಬಂದಂತೆ, ಮಸುಕಾಗಿ, ಎರಡನೇ ಗೆರೆ ಮೂಡಿತು.

ಅವನು ಎದ್ದುಹೋಗಿ ಮೊದಲ ಗಿಡವನ್ನು ಬೇರುಸಹಿತ ಕಿತ್ತ. ಅವಳು ಪೆಟ್ಟಿಗೆ ಮುಚ್ಚಿಟ್ಟು, ಅವನ ಕಣ್ಣಿಗೆ ಬೀಳದಂತೆ ಸಾಲಿನ ಆ ತುದಿಗೆ ಹೋಗಿ ಬಗ್ಗಿದಳು.

"ಅಷ್ಟು ದೂರ ಯಾಕೆ?" ಅವನು ಕೂಗಿದ. "ಇಲ್ಲೇ ಬಾ."

ಅವಳು ಬಂದು ಅವನ ಪಕ್ಕದ ಗಿಡಕ್ಕೆ ಕೈ ಹಾಕಿದಳು.